ಒಂದು ಸರ್ವರ್, ಹಲವು ಮೇಜು: ಕಚೇರಿ ತಂತ್ರಾಂಶದ ಹಂಚಿಕೆ ಮತ್ತು ಅದರ ನಿಜವಾದ ಲೆಕ್ಕ

ಗಣಕೀಕರಣಕ್ಕೆ ಹಣ ತೊಡಗಿಸುವ ಸಂಸ್ಥೆಗಳು ಸಾಮಾನ್ಯವಾಗಿ ಎರಡು ಬಾಬುಗಳನ್ನು ಮಾತ್ರ ಎಚ್ಚರಿಕೆಯಿಂದ ಪರಿಶೀಲಿಸುತ್ತವೆ. ಒಂದು, ಯಂತ್ರದ ಬೆಲೆ. ಇನ್ನೊಂದು, ತಂತ್ರಾಂಶದ ಪರವಾನಗಿ ಶುಲ್ಕ. ಇವೆರಡಕ್ಕೂ ಬಿಲ್ಲು ಬರುತ್ತದೆ, ಬಿಲ್ಲಿಗೆ ಸಹಿ ಬೀಳುತ್ತದೆ, ವರ್ಷಾಂತ್ಯದಲ್ಲಿ ಲೆಕ್ಕ ಪರಿಶೋಧಕರು ಅದನ್ನು ನೋಡುತ್ತಾರೆ. ಆದರೆ ಕೊಂಡ ತಂತ್ರಾಂಶವನ್ನು ಪ್ರತಿಯೊಂದು ಮೇಜಿನ ಮೇಲೂ ಸ್ಥಾಪಿಸಿ, ಕಾಲಕಾಲಕ್ಕೆ ಹೊಸ ಆವೃತ್ತಿಗೆ ಬದಲಿಸಿ, ಕೆಟ್ಟಾಗ ಸರಿಪಡಿಸಿ ನಡೆಸಿಕೊಂಡು ಹೋಗುವ ವೆಚ್ಚಕ್ಕೆ ಪ್ರತ್ಯೇಕ ಬಿಲ್ಲು ಬರುವುದಿಲ್ಲ. ಅದು ಸಂಬಳದ ಖಾತೆಯಲ್ಲಿ ಸದ್ದಿಲ್ಲದೆ ಕರಗಿಹೋಗುತ್ತದೆ.

ತಂತ್ರಾಂಶವನ್ನು ಒಂದೇ ಸರ್ವರಿನಲ್ಲಿಟ್ಟು ಜಾಲದ ಮೂಲಕ ಎಲ್ಲರಿಗೂ ಒದಗಿಸುವ ವ್ಯವಸ್ಥೆ ಈ ಕಾಣದ ವೆಚ್ಚವನ್ನು ಕಾಣುವಂತೆ ಮಾಡುತ್ತದೆ. ಈ ವ್ಯವಸ್ಥೆ ಮೊದಲು ಬೇರೂರಿದ್ದು ಯುನಿಕ್ಸ್ ವರ್ಕ್‌ಸ್ಟೇಷನ್‌ಗಳ ಲೋಕದಲ್ಲಿ. ಆ ಯಂತ್ರಗಳ ಕಾಲ ಬಹುಮಟ್ಟಿಗೆ ಮುಗಿದಿದ್ದರೂ ಅಲ್ಲಿ ನಡೆದ ಪ್ರಯೋಗದ ಪಾಠಗಳು ಇಂದಿನ ವ್ಯಾಪಾರಸ್ಥರಿಗೆ ಉಪಯುಕ್ತವಾಗಿವೆ. ಉಳಿತಾಯ ಎಲ್ಲಿದೆ, ಅದಕ್ಕೆ ತೆರಬೇಕಾದ ಬೆಲೆ ಎಲ್ಲಿದೆ ಎಂಬುದನ್ನು ಇಲ್ಲಿ ಅಂಕಿ-ಅಂಶಗಳೊಡನೆ ಪರಿಶೀಲಿಸಲಾಗಿದೆ.

ಒಂದು ಮೇಜು, ಎರಡು ಯಂತ್ರ

1980 ಮತ್ತು 1990ರ ದಶಕಗಳಲ್ಲಿ ಎಂಜಿನಿಯರಿಂಗ್ ವಿನ್ಯಾಸ, ಚಿಪ್ ರಚನೆ, ಭೂಗರ್ಭ ಶೋಧನೆ, ಷೇರು ವಹಿವಾಟು ಮುಂತಾದ ಭಾರಿ ಲೆಕ್ಕಾಚಾರದ ಕೆಲಸಗಳಿಗೆ ಸಾಮಾನ್ಯ ಪಿ.ಸಿ. ಸಾಲುತ್ತಿರಲಿಲ್ಲ. ಸನ್ ಮೈಕ್ರೋಸಿಸ್ಟಮ್ಸ್, ಹ್ಯೂಲೆಟ್ ಪ್ಯಾಕರ್ಡ್, ಐ.ಬಿ.ಎಂ., ಸಿಲಿಕಾನ್ ಗ್ರಾಫಿಕ್ಸ್ ಮುಂತಾದ ಕಂಪನಿಗಳು ತಯಾರಿಸುತ್ತಿದ್ದ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳೇ ಅಲ್ಲಿ ಅನಿವಾರ್ಯವಾಗಿದ್ದವು. ಬೆಂಗಳೂರಿನ ವಿನ್ಯಾಸ ಕೇಂದ್ರಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಈ ಯಂತ್ರಗಳು ಚೆನ್ನಾಗಿ ಪರಿಚಿತವಾಗಿದ್ದವು.

ವಿನ್ಯಾಸದ ಕೆಲಸದಲ್ಲಿ ಸಮರ್ಥವಾಗಿದ್ದ ಈ ಯಂತ್ರ ಕಚೇರಿ ಕೆಲಸದಲ್ಲಿ ಒಂಟಿಯಾಗಿತ್ತು. ಗ್ರಾಹಕರು ಕಳುಹಿಸುವ ಒಪ್ಪಂದದ ಕರಡು ಮೈಕ್ರೋಸಾಫ್ಟ್ ವರ್ಡ್‌ನಲ್ಲಿರುತ್ತಿತ್ತು. ಹಣಕಾಸು ವಿಭಾಗದ ಅಂದಾಜು ಪಟ್ಟಿ ಎಕ್ಸೆಲ್‌ನಲ್ಲಿರುತ್ತಿತ್ತು. ಇವು ಯುನಿಕ್ಸ್‌ನಲ್ಲಿ ತೆರೆಯುತ್ತಿರಲಿಲ್ಲ. ಪರಿಣಾಮವಾಗಿ, ದುಬಾರಿ ವರ್ಕ್‌ಸ್ಟೇಷನ್ ಇದ್ದ ಮೇಜಿನ ಮೇಲೆಯೇ ಪತ್ರ ಬರೆಯಲೆಂದು ಇನ್ನೊಂದು ಪಿ.ಸಿ. ಬಂದು ಕುಳಿತಿತು. ಯಂತ್ರ ಎರಡು, ಕಾರ್ಯಾಚರಣೆ ವ್ಯವಸ್ಥೆ ಎರಡು, ನೋಡಿಕೊಳ್ಳುವ ಸಿಬ್ಬಂದಿಯೂ ಎರಡು ಬಗೆ.

ಇದನ್ನು ನಿವಾರಿಸಲು ಹಲವು ಪ್ರಯತ್ನಗಳು ನಡೆದವು. ವಿಂಡೋಸ್ ತಂತ್ರಾಂಶವನ್ನು ಯುನಿಕ್ಸ್‌ನಲ್ಲಿ ನಡೆಸಲು ಸನ್ ಕಂಪನಿ 1993ರಲ್ಲಿ ವಾಬಿ ಎಂಬ ತಂತ್ರಾಂಶವನ್ನು ತಂದಿತು. ವರ್ಕ್‌ಸ್ಟೇಷನ್‌ನ ಒಳಗೇ ಪಿ.ಸಿ.ಯೊಂದನ್ನು ಕೂರಿಸುವ ಕಾರ್ಡುಗಳೂ ಬಂದವು. ಆಪ್ಲಿಕ್ಸ್‌ವೇರ್, ಫ್ರೇಮ್‌ಮೇಕರ್, ವರ್ಡ್‌ಪರ್ಫೆಕ್ಟ್ ಮುಂತಾದ ಯುನಿಕ್ಸ್‌ನದೇ ತಂತ್ರಾಂಶಗಳೂ ಇದ್ದವು. ಆದರೆ ಹೊರಗಿನವರ ಕಡತಗಳೊಡನೆ ಹೊಂದಾಣಿಕೆ, ಬೆಲೆ, ವೇಗ ಇವುಗಳಲ್ಲಿ ಒಂದಲ್ಲ ಒಂದು ತೊಡಕು ಉಳಿದೇ ಇತ್ತು.

7 ಕೋಟಿ 35 ಲಕ್ಷ ಡಾಲರಿನ ಒಂದು ಖರೀದಿ

ಈ ತೊಡಕಿನ ಬೆಲೆ ಎಷ್ಟೆಂಬುದನ್ನು ತೋರಿಸಿಕೊಟ್ಟದ್ದು ಸನ್ ಕಂಪನಿಯೇ. ಜರ್ಮನಿಯ ಮಾರ್ಕೋ ಬೋರಿಸ್ ಎಂಬ ಹದಿಹರೆಯದ ಯುವಕ 1985ರಲ್ಲಿ ಲೂನೆಬುರ್ಗ್ ಪಟ್ಟಣದಲ್ಲಿ ಸ್ಟಾರ್‌ಡಿವಿಷನ್ ಎಂಬ ಕಂಪನಿಯನ್ನು ಆರಂಭಿಸಿದ್ದರು. ಪದಸಂಸ್ಕರಣೆಯ ತಂತ್ರಾಂಶವಾಗಿ ಹುಟ್ಟಿದ ಅವರ ಸ್ಟಾರ್‌ರೈಟರ್ ಕ್ರಮೇಣ ಬೆಳೆದು, ಸ್ಪ್ರೆಡ್‌ಶೀಟ್, ಪ್ರಸ್ತುತಿ ಮೊದಲಾದವುಗಳನ್ನು ಒಳಗೊಂಡ ಸ್ಟಾರ್‌ಆಫೀಸ್ ಆಯಿತು. ವಿಂಡೋಸ್, ಲಿನಕ್ಸ್, ಸನ್‌ನ ಯುನಿಕ್ಸ್ ಆದ ಸೋಲಾರಿಸ್ ಇವೆಲ್ಲದರಲ್ಲೂ ಅದು ನಡೆಯುತ್ತಿತ್ತು. ಮೈಕ್ರೋಸಾಫ್ಟ್ ಕಡತಗಳನ್ನೂ ತಕ್ಕಮಟ್ಟಿಗೆ ತೆರೆಯುತ್ತಿತ್ತು. 1999ರ ಆಗಸ್ಟ್‌ನಲ್ಲಿ ಸನ್ ಈ ಕಂಪನಿಯನ್ನು 7 ಕೋಟಿ 35 ಲಕ್ಷ ಡಾಲರಿಗೆ ಕೊಂಡುಕೊಂಡಿತು.

ಸನ್‌ನಲ್ಲಿ ಮುಕ್ತ ತಂತ್ರಾಂಶ ವಿಭಾಗದ ಹೊಣೆ ಹೊತ್ತಿದ್ದ ಸೈಮನ್ ಫಿಪ್ಸ್ ಈ ಖರೀದಿಗೆ ಕೊಟ್ಟ ಕಾರಣ ವಾಣಿಜ್ಯ ವಲಯದಲ್ಲಿ ಪ್ರಸಿದ್ಧವಾಗಿದೆ. ಕಂಪನಿಯ ಸುಮಾರು 42,000 ನೌಕರರಲ್ಲಿ ಹೆಚ್ಚುಕಡಿಮೆ ಪ್ರತಿಯೊಬ್ಬರಿಗೂ ಒಂದು ಯುನಿಕ್ಸ್ ವರ್ಕ್‌ಸ್ಟೇಷನ್ನೂ ಒಂದು ವಿಂಡೋಸ್ ಲ್ಯಾಪ್‌ಟಾಪೂ ಬೇಕಾಗಿತ್ತು. ಅಷ್ಟು ಮಂದಿಗೆ ಮೈಕ್ರೋಸಾಫ್ಟ್ ಪರವಾನಗಿ ಕೊಳ್ಳುವುದಕ್ಕಿಂತ ತಂತ್ರಾಂಶ ತಯಾರಿಸುವ ಕಂಪನಿಯನ್ನೇ ಕೊಳ್ಳುವುದು ಅಗ್ಗವಾಯಿತು ಎಂಬುದು ಅವರ ವಿವರಣೆಯ ಸಾರಾಂಶ.

ಈ ಮಾತನ್ನು ಕೇಳಿದವರು ತಲೆದೂಗುತ್ತಾರೆಯೇ ಹೊರತು ಭಾಗಾಕಾರ ಮಾಡಿ ನೋಡುವವರು ಕಡಿಮೆ. 7,35,00,000 ಡಾಲರನ್ನು 42,000ದಿಂದ ಭಾಗಿಸಿದರೆ ತಲಾ 1,750 ಡಾಲರ್ ಬರುತ್ತದೆ. ಅಂದಿನ ಆಫೀಸ್ 2000 ತಂತ್ರಾಂಶದ ಪ್ರೊಫೆಷನಲ್ ಆವೃತ್ತಿಯ ಚಿಲ್ಲರೆ ಬೆಲೆಯೇ 599 ಡಾಲರ್. ಸಗಟು ಖರೀದಿಯಲ್ಲಿ ಅದು ಇನ್ನೂ ಕಡಿಮೆಯಾಗುತ್ತಿತ್ತು. ಎಂದರೆ, ಪರವಾನಗಿಯೊಂದನ್ನೇ ಹಿಡಿದು ಲೆಕ್ಕ ಹಾಕಿದರೆ ಈ ಖರೀದಿ ಅಗ್ಗವಲ್ಲ, ಮೂರುಪಟ್ಟು ದುಬಾರಿ.

ಹಾಗಾದರೆ ಲೆಕ್ಕ ತಾಳೆಯಾಗುವುದೆಲ್ಲಿ? ಫಿಪ್ಸ್ ಅವರ ವಿವರಣೆಯಲ್ಲಿಯೇ ಉತ್ತರವಿದೆ: ಎರಡನೆಯ ಯಂತ್ರದಲ್ಲಿ. ಲ್ಯಾಪ್‌ಟಾಪಿನ ಬೆಲೆ, ಅದರ ವಿಂಡೋಸ್ ಪರವಾನಗಿ, ಕೆಲವು ವರ್ಷಗಳಿಗೊಮ್ಮೆ ಕೊಳ್ಳಬೇಕಾದ ಹೊಸ ಆವೃತ್ತಿ, ವೈರಸ್ ನಿವಾರಕ, ದುರಸ್ತಿ, ಸಹಾಯ ಸಿಬ್ಬಂದಿ ಇವೆಲ್ಲವನ್ನೂ ಕೂಡಿಸಿದಾಗ ತಲಾ 1,750 ಡಾಲರ್ ದೊಡ್ಡ ಮೊತ್ತವಾಗಿ ಉಳಿಯುವುದಿಲ್ಲ. ಜೊತೆಗೆ ಮಾರಾಟಕ್ಕೆ ಯೋಗ್ಯವಾದ ಒಂದು ಸರಕೂ ಕಂಪನಿಯ ಕೈಗೆ ಬಂತು. ಕಚೇರಿ ತಂತ್ರಾಂಶದ ವೆಚ್ಚವನ್ನು ಪರವಾನಗಿಯ ಸಾಲಿನಲ್ಲಿ ಮಾತ್ರ ಹುಡುಕಿದರೆ ತಪ್ಪು ತೀರ್ಮಾನಕ್ಕೆ ಬರುವುದು ಖಂಡಿತ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಂಚಿಕೆಯ ಮೂರು ಬಗೆಗಳು

ಸರ್ವರಿನಿಂದ ವರ್ಕ್‌ಸ್ಟೇಷನ್‌ಗೆ ತಂತ್ರಾಂಶವನ್ನು ಹಂಚುವುದೆಂದರೆ ಒಂದೇ ವಿಧಾನವಲ್ಲ. ಮುಖ್ಯವಾಗಿ ಮೂರು ಬಗೆಗಳಿವೆ. ಪ್ರತಿಯೊಂದರಲ್ಲೂ ದುಡಿಯುವ ಯಂತ್ರ ಬೇರೆ, ಆದ್ದರಿಂದ ಖರ್ಚು ಬೀಳುವ ಜಾಗವೂ ಬೇರೆ.

ಮೊದಲನೆಯದು ಕಡತ ಹಂಚಿಕೆ. ಇದನ್ನು ಸಾಮೂಹಿಕ ಉಗ್ರಾಣಕ್ಕೆ ಹೋಲಿಸಬಹುದು. ದಿನಸಿ ಒಂದೆಡೆ ಇರುತ್ತದೆ, ಅಡುಗೆ ಅವರವರ ಮನೆಯಲ್ಲಿ. ಸನ್ ಕಂಪನಿ 1984ರಲ್ಲಿ ರೂಪಿಸಿದ ನೆಟ್‌ವರ್ಕ್ ಫೈಲ್ ಸಿಸ್ಟಮ್, ಅಂದರೆ ಎನ್.ಎಫ್.ಎಸ್., ಇದಕ್ಕೆ ಆಧಾರ. ಸರ್ವರಿನ ಡಿಸ್ಕಿನಲ್ಲಿರುವ ತಂತ್ರಾಂಶದ ಕಡತಗಳು ಪ್ರತಿಯೊಂದು ವರ್ಕ್‌ಸ್ಟೇಷನ್‌ಗೂ ತನ್ನದೇ ಡಿಸ್ಕಿನಲ್ಲಿರುವಂತೆ ಕಾಣಿಸುತ್ತವೆ. ಬಳಕೆದಾರರು ತೆರೆದಾಗ ಕಡತಗಳು ಜಾಲದ ಮೂಲಕ ಬಂದು ವರ್ಕ್‌ಸ್ಟೇಷನ್‌ನ ಸ್ಮೃತಿಯಲ್ಲಿ ಕೂರುತ್ತವೆ. ಕೆಲಸ ನಡೆಯುವುದು ಅಲ್ಲಿಯೇ.

ಸ್ಟಾರ್‌ಆಫೀಸ್ ಈ ಪದ್ಧತಿಗೆ ಮೊದಲಿನಿಂದಲೂ ಅನುಕೂಲವಾಗಿತ್ತು. ವ್ಯವಸ್ಥಾಪಕರು ಸ್ಥಾಪನಾ ಆದೇಶಕ್ಕೆ ‘ನೆಟ್’ ಎಂಬ ಸೂಚನೆಯನ್ನು ಸೇರಿಸಿ ಇಡೀ ತಂತ್ರಾಂಶವನ್ನು ಸರ್ವರಿನಲ್ಲಿ ಒಮ್ಮೆ ಇಡುತ್ತಿದ್ದರು. ಆನಂತರ ಪ್ರತಿ ಬಳಕೆದಾರರೂ ಅಲ್ಲಿಂದಲೇ ಒಂದು ಸಣ್ಣ ಸ್ಥಾಪನೆಯನ್ನು ನಡೆಸುತ್ತಿದ್ದರು. ಅವರ ಸ್ವಂತ ಕೋಶಕ್ಕೆ ಬರುತ್ತಿದ್ದದ್ದು ಕೆಲವೇ ಮೆಗಾಬೈಟಿನಷ್ಟು ವೈಯಕ್ತಿಕ ಆಯ್ಕೆಗಳು ಮಾತ್ರ. ಮುಂದೆ ಸ್ಟಾರ್‌ಆಫೀಸಿನ ಮುಕ್ತ ರೂಪವಾದ ಓಪನ್‌ಆಫೀಸ್‌ನ 2.0 ಆವೃತ್ತಿಯಿಂದ, ಅಂದರೆ 2005ರಿಂದ, ಈ ಎರಡನೆಯ ಹಂತವೂ ಬೇಡವಾಯಿತು. ಮೊದಲ ಸಲ ತೆರೆದಾಗ ವೈಯಕ್ತಿಕ ಕೋಶ ತಾನಾಗಿಯೇ ರಚನೆಯಾಗುವಂತೆ ಮಾಡಲಾಯಿತು.

ಈ ಬಗೆಯಲ್ಲಿ ಹೊರೆ ಬೀಳುವುದು ಜಾಲದ ಮೇಲೆ. ತಂತ್ರಾಂಶ ತೆರೆಯಲು ಸುಮಾರು 50 ಮೆಗಾಬೈಟ್ ಸಾಗಬೇಕೆಂದೂ, ಬೆಳಿಗ್ಗೆ 40 ಮಂದಿ ಏಕಕಾಲಕ್ಕೆ ತೆರೆಯುತ್ತಾರೆಂದೂ ಊಹಿಸೋಣ. ಒಟ್ಟು 2,000 ಮೆಗಾಬೈಟ್. ಸೆಕೆಂಡಿಗೆ 10 ಮೆಗಾಬಿಟ್ ಸಾಮರ್ಥ್ಯದ ಹಳೆಯ ಜಾಲದಲ್ಲಿ ಗರಿಷ್ಠವೆಂದರೆ 1.25 ಮೆಗಾಬೈಟ್ ಸಾಗುತ್ತದೆ. ಎಲ್ಲರಿಗೂ ತಲುಪಲು ಸುಮಾರು 27 ನಿಮಿಷ. 100 ಮೆಗಾಬಿಟ್ ಜಾಲದಲ್ಲಾದರೆ ಮೂರು ನಿಮಿಷಕ್ಕೂ ಕಡಿಮೆ. ಜಾಲವನ್ನು ಸುಧಾರಿಸದೆ ಹಂಚಿಕೆಗೆ ಇಳಿದರೆ ಬೆಳಗಿನ ಅರ್ಧ ಗಂಟೆ ವ್ಯರ್ಥವಾಗುವ ಬಗೆ ಇದು.

ಎರಡನೆಯದು ಪರದೆ ಹಂಚಿಕೆ. ಇದು ಸಾಮೂಹಿಕ ಅಡುಗೆಮನೆ ಇದ್ದಂತೆ. ಅಡುಗೆಯೂ ಅಲ್ಲಿಯೇ, ಮನೆಗೆ ಬರುವುದು ಬಡಿಸಿದ ಎಲೆ ಮಾತ್ರ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಇದಕ್ಕೆ ದಾರಿಮಾಡಿತು. ತಂತ್ರಾಂಶ ನಡೆಯುವುದು ಸರ್ವರಿನಲ್ಲಿ, ಚಿತ್ರ ಮೂಡುವುದು ಮೇಜಿನ ಪರದೆಯಲ್ಲಿ. ಮೇಜಿನ ಯಂತ್ರ ಹಳೆಯದಾಗಿದ್ದರೂ, ಕಡಿಮೆ ಸಾಮರ್ಥ್ಯದ್ದಾಗಿದ್ದರೂ ಬಾಧಕವಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದ ಲಾರ್ಗೋ ನಗರಾಡಳಿತ ಇದೇ ಮಾರ್ಗದಲ್ಲಿ ತನ್ನ ಇಲಾಖೆಗಳ ಮೇಜುಗಳಿಗೆ ಸರಳ ಟರ್ಮಿನಲ್‌ಗಳನ್ನು ಒದಗಿಸಿ, ತಂತ್ರಾಂಶವನ್ನೆಲ್ಲ ಕೇಂದ್ರ ಸರ್ವರುಗಳಲ್ಲಿ ನಡೆಸಿ ಹೆಸರಾಯಿತು. ಇಲ್ಲಿ ಯುನಿಕ್ಸ್‌ನ ಒಂದು ಗುಣ ನೆರವಿಗೆ ಬರುತ್ತದೆ: ಒಂದೇ ತಂತ್ರಾಂಶವನ್ನು 50 ಮಂದಿ ಬಳಸುತ್ತಿದ್ದರೂ ಅದರ ಆದೇಶಭಾಗದ ಒಂದೇ ಪ್ರತಿ ಸ್ಮೃತಿಯಲ್ಲಿದ್ದರೆ ಸಾಕು. ಪ್ರತ್ಯೇಕವಾಗಿ ಬೇಕಾದದ್ದು ಅವರವರ ಕಡತದ ದತ್ತಾಂಶ ಮಾತ್ರ.

ಕನ್ನಡದಲ್ಲಿ ವ್ಯವಹರಿಸುವ ಕಚೇರಿಗೂ ಈ ಬಗೆಯಲ್ಲಿ ಒಂದು ಅನುಕೂಲವಿದೆ. 2003ರಲ್ಲಿ ಬಂದ ಓಪನ್‌ಆಫೀಸ್ 1.1 ಆವೃತ್ತಿ ಭಾರತೀಯ ಲಿಪಿಗಳ ಸಂಯುಕ್ತಾಕ್ಷರಗಳನ್ನು ಜೋಡಿಸುವ ವ್ಯವಸ್ಥೆಯನ್ನು ಒಳಗೊಂಡಿತ್ತು. ತಂತ್ರಾಂಶ ಸರ್ವರಿನಲ್ಲೇ ನಡೆಯುವಾಗ ಯೂನಿಕೋಡ್ ಅಕ್ಷರವಿನ್ಯಾಸವನ್ನು ಅಲ್ಲಿ ಒಮ್ಮೆ ಸ್ಥಾಪಿಸಿದರೆ ಎಲ್ಲ ಮೇಜುಗಳಲ್ಲೂ ಕನ್ನಡ ಒಂದೇ ರೀತಿ ಮೂಡುತ್ತದೆ. ಒಂದು ಯಂತ್ರದಲ್ಲಿ ಸರಿಯಾಗಿ ಕಾಣುವ ಪತ್ರ ಇನ್ನೊಂದರಲ್ಲಿ ಚೌಕಗಳಾಗಿ ಕಾಣುವ ತೊಂದರೆ ತಪ್ಪುತ್ತದೆ.

ಮೂರನೆಯದು ವಿಂಡೋಸ್ ಸರ್ವರಿನ ಪರದೆಯನ್ನು ಯುನಿಕ್ಸ್‌ಗೆ ತರುವುದು. ಸಿಟ್ರಿಕ್ಸ್ ಕಂಪನಿ 1995ರಲ್ಲಿ ವಿನ್‌ಫ್ರೇಮ್ ಮೂಲಕ ಇದನ್ನು ಸಾಧ್ಯವಾಗಿಸಿತು. 1998ರಲ್ಲಿ ಮೈಕ್ರೋಸಾಫ್ಟ್ ತಾನೇ ಟರ್ಮಿನಲ್ ಸರ್ವರ್ ಆವೃತ್ತಿಯನ್ನು ಹೊರತಂದಿತು. ವರ್ಕ್‌ಸ್ಟೇಷನ್‌ನಲ್ಲಿ ಒಂದು ಸಣ್ಣ ಗ್ರಾಹಕ ತಂತ್ರಾಂಶವಿದ್ದರೆ ಸಾಕು, ನಿಜವಾದ ವರ್ಡ್ ಮತ್ತು ಎಕ್ಸೆಲ್ ಪರದೆಯ ಮೇಲೆ ಬರುತ್ತವೆ. ಕಡತ ಹೊಂದಾಣಿಕೆಯ ಸಮಸ್ಯೆ ಪೂರ್ತಿ ನೀಗುತ್ತದೆ. ಆದರೆ ಪರವಾನಗಿಯ ಪ್ರಶ್ನೆ ಅತ್ಯಂತ ತೊಡಕಾಗುವುದು ಇಲ್ಲಿಯೇ.

ಪ್ರತಿ ಒಂದು, ಪರವಾನಗಿ ಎಷ್ಟು?

ಸರ್ವರಿನಲ್ಲಿ ಇರುವುದು ಒಂದೇ ಪ್ರತಿಯಾದ್ದರಿಂದ ಒಂದೇ ಪರವಾನಗಿ ಸಾಕು ಎಂಬ ಭಾವನೆ ಅನೇಕ ಸಂಸ್ಥೆಗಳಲ್ಲಿ ಬೇರೂರಿದೆ. ಇದು ತಪ್ಪು. ಎಷ್ಟು ಪ್ರತಿಗಳಿವೆ ಎಂಬುದಲ್ಲ, ಒಪ್ಪಂದ ಯಾವುದನ್ನು ಎಣಿಸುತ್ತದೆ ಎಂಬುದು ಮುಖ್ಯ. ಎಣಿಕೆಯಲ್ಲಿ ಮೂರು ಪದ್ಧತಿಗಳಿವೆ.

ಯಂತ್ರದ ಎಣಿಕೆ: ತಂತ್ರಾಂಶವನ್ನು ತಲುಪಬಲ್ಲ ಪ್ರತಿಯೊಂದು ಯಂತ್ರಕ್ಕೂ ಪರವಾನಗಿ ಬೇಕು. ಮೈಕ್ರೋಸಾಫ್ಟ್ ಆಫೀಸಿನ ಸಾಂಪ್ರದಾಯಿಕ ಸಗಟು ಪರವಾನಗಿ ಹೀಗೆಯೇ ಇತ್ತು. ಟರ್ಮಿನಲ್ ಸರ್ವರಿನಲ್ಲಿ ಒಂದೇ ಸ್ಥಾಪನೆ ಇದ್ದರೂ 40 ವರ್ಕ್‌ಸ್ಟೇಷನ್‌ಗಳಿಂದ ಬಳಸುವುದಾದರೆ 40 ಆಫೀಸ್ ಪರವಾನಗಿಗಳೂ, ಅವುಗಳ ಮೇಲೆ ಟರ್ಮಿನಲ್ ಸೇವೆಯ ಪ್ರವೇಶ ಪರವಾನಗಿಗಳೂ ಬೇಕಾಗುತ್ತಿದ್ದವು.

ವ್ಯಕ್ತಿಯ ಎಣಿಕೆ: ಯಂತ್ರ ಎಷ್ಟಿದ್ದರೂ ಬಳಸುವ ವ್ಯಕ್ತಿಗೆ ಒಂದು ಪರವಾನಗಿ. ಪಾಳಿಯ ಮೇಲೆ ಮೂವರು ಒಂದೇ ಮೇಜಿನಲ್ಲಿ ದುಡಿಯುವಲ್ಲಿ ಇದು ದುಬಾರಿ. ಒಬ್ಬರೇ ಮೂರು ಯಂತ್ರ ಬಳಸುವಲ್ಲಿ ಅಗ್ಗ.

ಏಕಕಾಲದ ಎಣಿಕೆ: ಒಂದು ಹೊತ್ತಿನಲ್ಲಿ ಗರಿಷ್ಠ ಎಷ್ಟು ಮಂದಿ ಬಳಸುತ್ತಾರೆ ಎಂಬುದಷ್ಟೇ ಲೆಕ್ಕ. ಯುನಿಕ್ಸ್ ಲೋಕದಲ್ಲಿ ವಿನ್ಯಾಸ ತಂತ್ರಾಂಶಗಳಿಗೂ, ಫ್ರೇಮ್‌ಮೇಕರ್‌ನಂತಹ ದಾಖಲೆ ತಂತ್ರಾಂಶಗಳಿಗೂ ಇದು ಬಳಕೆಯಲ್ಲಿತ್ತು. ಜಾಲದಲ್ಲಿರುವ ಪರವಾನಗಿ ಸರ್ವರ್ ಒಂದೊಂದಾಗಿ ಚೀಟಿ ಕೊಟ್ಟು, ಕೆಲಸ ಮುಗಿದಾಗ ಹಿಂಪಡೆಯುತ್ತದೆ. 40 ಮಂದಿಯಲ್ಲಿ ಸಾಮಾನ್ಯ ದಿನ 15 ಮಂದಿ ಬಳಸುವ ಕಚೇರಿಗೆ 15 ಚೀಟಿ ಸಾಕು. ಆದರೆ ತಿಂಗಳ ಕೊನೆಯಲ್ಲಿ 25 ಮಂದಿ ಬಂದರೆ 10 ಮಂದಿ ಕಾಯಬೇಕು. ಸರಾಸರಿಯನ್ನು ನೋಡಿ ಕೊಳ್ಳುವ ಸಂಸ್ಥೆ ತಿಂಗಳಾಂತ್ಯದಲ್ಲಿ ಕಷ್ಟಪಡುತ್ತದೆ.

ಈ ಮೂರೂ ಎಣಿಕೆಗಳಿಂದ ಹೊರಗುಳಿದದ್ದು ಮುಕ್ತ ತಂತ್ರಾಂಶ. ಸನ್ ಕಂಪನಿ 2000ದ ಜೂನ್‌ನಲ್ಲಿ ಸ್ಟಾರ್‌ಆಫೀಸ್ 5.2 ಆವೃತ್ತಿಯನ್ನು ಉಚಿತವಾಗಿ ನೀಡಿತು. ಅದೇ ವರ್ಷದ ಅಕ್ಟೋಬರ್ 13ರಂದು ಮೂಲ ಸಂಕೇತವನ್ನೇ ಬಿಡುಗಡೆ ಮಾಡಿ ಓಪನ್‌ಆಫೀಸ್ ಯೋಜನೆಗೆ ಚಾಲನೆ ಕೊಟ್ಟಿತು. 2002ರಲ್ಲಿ ಸ್ಟಾರ್‌ಆಫೀಸ್ 6.0 ಮಾತ್ರ 75.95 ಡಾಲರಿನ ಬೆಲೆಯೊಡನೆ ಬಂತು. ಓಪನ್‌ಆಫೀಸ್ ಉಚಿತವಾಗಿಯೇ ಉಳಿಯಿತು. ಎಷ್ಟು ಮೇಜಿಗೆ ಹಂಚಿದರೂ ಎಣಿಸುವವರಿಲ್ಲ. ಆದರೆ ಪರವಾನಗಿಯ ಸಾಲು ಸೊನ್ನೆಯಾದ ಮಾತ್ರಕ್ಕೆ ಒಟ್ಟು ವೆಚ್ಚ ಸೊನ್ನೆಯಾಗುವುದಿಲ್ಲ.

ಉಳಿತಾಯವೆಲ್ಲಿ, ಅಪಾಯವೆಲ್ಲಿ?

ಉದಾಹರಣೆಗೆಂದು 40 ಮೇಜುಗಳ ಒಂದು ಕಚೇರಿಯನ್ನು ತೆಗೆದುಕೊಳ್ಳೋಣ. ವರ್ಷಕ್ಕೆ ನಾಲ್ಕು ಬಾರಿ ತಂತ್ರಾಂಶವನ್ನು ನವೀಕರಿಸಬೇಕು, ಪ್ರತಿ ಯಂತ್ರಕ್ಕೆ 45 ನಿಮಿಷ ಬೇಕು ಎಂದಿಟ್ಟುಕೊಂಡರೆ ಒಂದು ಸುತ್ತಿಗೆ 30 ಗಂಟೆ, ವರ್ಷಕ್ಕೆ 120 ಗಂಟೆ. ಸರ್ವರಿನಲ್ಲಿ ಒಂದೇ ಪ್ರತಿ ಇದ್ದರೆ ಪ್ರತಿ ಸಲ 2 ಗಂಟೆಯಂತೆ ವರ್ಷಕ್ಕೆ 8 ಗಂಟೆ ಸಾಕು. ಉಳಿತಾಯ 112 ಗಂಟೆ. ಅದೂ ಅಲ್ಲದೆ ಎಲ್ಲ ಮೇಜುಗಳಲ್ಲೂ ಒಂದೇ ಆವೃತ್ತಿ ಇರುತ್ತದೆ.

ಈಗ ನಾಣ್ಯದ ಇನ್ನೊಂದು ಮುಖ. ಕೆಲಸದ ವೇಳೆಯಲ್ಲಿ ಆ ಸರ್ವರ್ ಎರಡು ಗಂಟೆ ನಿಂತಿತೆನ್ನೋಣ. 40 ಮಂದಿ ಎರಡು ಗಂಟೆ ಕೈಕಟ್ಟಿ ಕುಳಿತರೆ 80 ಗಂಟೆಗಳು ನಷ್ಟ. ವರ್ಷದಲ್ಲಿ ಇಂತಹ ಎರಡು ಘಟನೆಗಳಾದರೆ 160 ಗಂಟೆ. ಉಳಿಸಿದ 112 ಗಂಟೆಗಳೆಲ್ಲ ಹೋಗಿ 48 ಗಂಟೆ ಕೈಯಿಂದ ಬಿತ್ತು. ಒಂಟಿ ಪಿ.ಸಿ.ಗಳ ಕಚೇರಿಯಲ್ಲಿ ಒಂದು ಯಂತ್ರ ಕೆಟ್ಟರೆ ಒಬ್ಬರ ಕೆಲಸ ನಿಲ್ಲುತ್ತದೆ. ಹಂಚಿಕೆಯ ಕಚೇರಿಯಲ್ಲಿ ಸರ್ವರ್ ಕೆಟ್ಟರೆ ಎಲ್ಲರ ಕೆಲಸ ನಿಲ್ಲುತ್ತದೆ.

ಹಂಚಿಕೆಯಿಂದ ವೆಚ್ಚ ಇಲ್ಲವಾಗುವುದಿಲ್ಲ, ಸ್ಥಳ ಬದಲಿಸುತ್ತದೆ. ನಲವತ್ತು ಮೇಜುಗಳಲ್ಲಿ ಚದುರಿದ್ದ ಸಣ್ಣ ಖರ್ಚುಗಳು ಒಂದು ಕೋಣೆಗೆ ಬಂದು ಸೇರುತ್ತವೆ. ಉಳಿಸಿದ ಹಣದ ಒಂದು ಭಾಗವನ್ನು ಜೋಡಿ ಡಿಸ್ಕು, ಯು.ಪಿ.ಎಸ್., ಬ್ಯಾಕಪ್, ಬದಲಿ ಸರ್ವರ್ ಮತ್ತು ಅನುಭವಿ ವ್ಯವಸ್ಥಾಪಕರಿಗಾಗಿ ತೆಗೆದಿಡುವ ಸಂಸ್ಥೆಗೆ ಮಾತ್ರ ಹಂಚಿಕೆ ಲಾಭದಾಯಕ. ಪೂರ್ತಿ ಉಳಿತಾಯವನ್ನು ಲಾಭವೆಂದು ಎಣಿಸಿದ ಸಂಸ್ಥೆ ಮೊದಲ ವೈಫಲ್ಯದಲ್ಲೇ ಅದನ್ನು ಕಳೆದುಕೊಳ್ಳುತ್ತದೆ.

ಇನ್ನೆರಡು ತೊಡಕುಗಳನ್ನು ಇಲ್ಲಿಯೇ ಹೇಳಬೇಕು. ಒಂದು, ಕಡತದ ಬೀಗ. ಹಂಚಿದ ಕೋಶದಲ್ಲಿರುವ ಒಂದು ಅಂದಾಜು ಪಟ್ಟಿಯನ್ನು ಇಬ್ಬರು ತೆರೆದರೆ, ಮೊದಲು ತೆರೆದವರಿಗೆ ತಿದ್ದುವ ಅಧಿಕಾರ, ಎರಡನೆಯವರಿಗೆ ಓದುವ ಅವಕಾಶ ಮಾತ್ರ ಸಿಗಬೇಕು. ಎನ್.ಎಫ್.ಎಸ್. ಮೇಲೆ ಈ ಬೀಗದ ಸೇವೆ ಸರಿಯಾಗಿ ನಡೆಯದಿದ್ದರೆ ಓಪನ್‌ಆಫೀಸ್ ಕಡತ ತೆರೆಯದೆ ನಿಲ್ಲುತ್ತಿತ್ತು. ಬೀಗವನ್ನೇ ತೆಗೆದುಹಾಕಿದರೆ ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಅರಿಯದೆ ಅಳಿಸುವ ಅಪಾಯ. ಲೆಕ್ಕಪತ್ರ ವಿಭಾಗದಲ್ಲಿ ಇದು ಸಣ್ಣ ವಿಷಯವಲ್ಲ.

ಎರಡನೆಯದು, ಮಾದರಿ ಪತ್ರಗಳು ಮತ್ತು ಮ್ಯಾಕ್ರೋಗಳು. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್ ಮತ್ತು ಓಪನ್‌ಆಫೀಸ್‌ಗೆ ಬದಲಾಗಲು ನಿರ್ಧರಿಸಿತು. ಸುಮಾರು 15,000 ಗಣಕಯಂತ್ರಗಳ ಆ ಬದಲಾವಣೆ ಮುಗಿದದ್ದು 2013ರಲ್ಲಿ. ಇಲಾಖೆಗಳಲ್ಲಿ ವರ್ಷಗಳಿಂದ ಬೆಳೆದಿದ್ದ ಸಾವಿರಾರು ಮಾದರಿ ಪತ್ರಗಳನ್ನೂ ಮ್ಯಾಕ್ರೋಗಳನ್ನೂ ಹೊಸದಾಗಿ ಕಟ್ಟಬೇಕಾಯಿತು. ಅದಕ್ಕೆಂದೇ ವೊಲ್‌ಮುಕ್ಸ್ ಎಂಬ ಪ್ರತ್ಯೇಕ ತಂತ್ರಾಂಶವನ್ನು ನಗರವೇ ತಯಾರಿಸಿತು. ಇಷ್ಟೆಲ್ಲ ಆದ ಮೇಲೂ 2017ರಲ್ಲಿ ನಗರಸಭೆ ವಿಂಡೋಸ್‌ಗೆ ಮರಳುವ ನಿರ್ಣಯ ಕೈಗೊಂಡಿತು. ತಂತ್ರಾಂಶವನ್ನು ಬದಲಿಸುವುದು ಸುಲಭ, ಅದರ ಸುತ್ತ ಬೆಳೆದ ಅಭ್ಯಾಸವನ್ನು ಬದಲಿಸುವುದು ಕಷ್ಟ ಎಂಬುದು ಅಲ್ಲಿನ ಅನುಭವ.

ಕಾನೂನು ಮತ್ತು ಲೆಕ್ಕಪತ್ರದ ದೃಷ್ಟಿ

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಕಠಿಣವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ಕೃತಿಸ್ವಾಮ್ಯವನ್ನು ಉಲ್ಲಂಘಿಸಿದ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದವರಿಗೆ ನ್ಯಾಯಾಲಯ ರಿಯಾಯಿತಿ ತೋರಬಹುದು. ವ್ಯಾಪಾರ ಸಂಸ್ಥೆಗೆ ಆ ಅವಕಾಶವಿಲ್ಲ. ಕಾನೂನುಬದ್ಧವಾಗಿ ಪಡೆದ ತಂತ್ರಾಂಶದ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಕಾಯಿದೆ ಒಪ್ಪುತ್ತದೆ. ಬ್ಯಾಕಪ್ ಬೇರೆ, ಪರವಾನಗಿ ಮೀರಿದ ಹಂಚಿಕೆ ಬೇರೆ.

ತೆರಿಗೆಯ ವಿಷಯದಲ್ಲಿ ಕರ್ನಾಟಕದೊಂದಿಗೆ ನೇರ ಸಂಬಂಧವಿರುವ ಒಂದು ತೀರ್ಪು ಮುಖ್ಯವಾದುದು. ವಿದೇಶಿ ಕಂಪನಿಯಿಂದ ತಂತ್ರಾಂಶ ಕೊಂಡಾಗ ತೆರುವ ಹಣ ರಾಯಲ್ಟಿಯೇ, ಅದರಿಂದ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕೇ ಎಂಬ ವಿವಾದದಲ್ಲಿ, ಅದು ರಾಯಲ್ಟಿ ಎಂದು 2011ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2021ರ ಮಾರ್ಚ್ 2ರಂದು ಇದನ್ನು ಒಪ್ಪದೆ, ಅಂತಿಮ ಬಳಕೆದಾರರು ಪಡೆಯುವುದು ಬಳಕೆಯ ಹಕ್ಕನ್ನೇ ಹೊರತು ಕೃತಿಸ್ವಾಮ್ಯವನ್ನಲ್ಲ, ಆದ್ದರಿಂದ ಸಂಬಂಧಿತ ದ್ವಿತೆರಿಗೆ ನಿವಾರಣಾ ಒಪ್ಪಂದಗಳ ಅಡಿ ಅದು ರಾಯಲ್ಟಿಯಲ್ಲ ಎಂದು ತೀರ್ಮಾನಿಸಿತು. ಸರ್ವರಿನಲ್ಲಿಟ್ಟ ತಂತ್ರಾಂಶಕ್ಕೂ ಈ ತರ್ಕವೇ ದಾರಿದೀಪ: ಸಂಸ್ಥೆ ಕೊಂಡದ್ದು ಬಳಸುವ ಹಕ್ಕನ್ನು, ಒಪ್ಪಂದ ಹೇಳಿದಷ್ಟು ಮಟ್ಟಿಗೆ ಮಾತ್ರ.

ಲೆಕ್ಕಪತ್ರದಲ್ಲಿ, ಶಾಶ್ವತ ಪರವಾನಗಿ ಸಾಮಾನ್ಯವಾಗಿ ಲೆಕ್ಕಪತ್ರ ಮಾನಕ 26ರ ಅನ್ವಯ ಅಮೂರ್ತ ಆಸ್ತಿಯಾಗುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ ಅಡಿಯಲ್ಲಿ ತಂತ್ರಾಂಶ ಸಹಿತ ಗಣಕಯಂತ್ರಗಳಿಗೆ ಶೇ. 60ರಷ್ಟಿದ್ದ ಸವಕಳಿ ದರ 2017ರ ಏಪ್ರಿಲ್ 1ರಿಂದ ಶೇ. 40ಕ್ಕೆ ಇಳಿಯಿತು. ವಾರ್ಷಿಕ ಚಂದಾ ಪದ್ಧತಿಯಲ್ಲಿ ಆಸ್ತಿಯೇ ಇಲ್ಲ. ಅದು ಸಾಮಾನ್ಯವಾಗಿ ಆಯಾ ವರ್ಷದ ರಾಜಸ್ವ ವೆಚ್ಚ. ಎರಡನ್ನೂ ಹೋಲಿಸುವಾಗ ಐದು ವರ್ಷಗಳ ಒಟ್ಟು ಹೊರಹರಿವನ್ನು ನೋಡಬೇಕೇ ಹೊರತು ಮೊದಲ ವರ್ಷದ ಬಿಲ್ಲನ್ನಲ್ಲ.

ಹಳೆಯ ವಿಚಾರ, ಹೊಸ ರೂಪ

ಸಿಲಿಕಾನ್ ಗ್ರಾಫಿಕ್ಸ್ 2006ರಲ್ಲಿ ತನ್ನ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳ ತಯಾರಿಕೆಯನ್ನು ನಿಲ್ಲಿಸಿತು. ಸನ್ ಕಂಪನಿಯನ್ನು 2010ರ ಜನವರಿಯಲ್ಲಿ ಒರಾಕಲ್ ಕೊಂಡುಕೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಓಪನ್‌ಆಫೀಸ್‌ನ ತಯಾರಕರಲ್ಲಿ ಹಲವರು ಹೊರಬಂದು ಲಿಬ್ರೆಆಫೀಸ್ ಆರಂಭಿಸಿದರು. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಯಂತ್ರಗಳಿಗೆ ಇದನ್ನು ತರುವ ನಿರ್ಧಾರವನ್ನು 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು.

ಹಂಚಿಕೆಯ ವಿಚಾರ ಮಾತ್ರ ಹೊಸ ವೇಷದಲ್ಲಿ ಎಲ್ಲೆಡೆ ಹಬ್ಬಿದೆ. ಬ್ರೌಸರಿನ ಮೂಲಕ ಕಚೇರಿ ತಂತ್ರಾಂಶ ಒದಗಿಸುವ ಸ್ಟಾರ್‌ಪೋರ್ಟಲ್ ಯೋಜನೆಯನ್ನು ಸನ್ 1999ರಲ್ಲೇ ಪ್ರಕಟಿಸಿತ್ತಾದರೂ ಅದು ಫಲ ಕೊಡಲಿಲ್ಲ. 2006ರಿಂದ ಗೂಗಲ್, 2011ರಿಂದ ಆಫೀಸ್ 365 ಮೂಲಕ ಮೈಕ್ರೋಸಾಫ್ಟ್ ಅದೇ ಮಾರ್ಗದಲ್ಲಿ ಮುನ್ನಡೆದವು. ಸರ್ವರ್ ಈಗ ಕಚೇರಿಯ ಕೋಣೆಯಿಂದ ದೂರದ ದತ್ತಾಂಶ ಕೇಂದ್ರಕ್ಕೆ ಹೋಗಿದೆ. ಸರ್ವರಿನ ಬದಲು ಅಂತರಜಾಲದ ಸಂಪರ್ಕ ನಿಂತರೂ ಅದೇ 80 ಗಂಟೆಗಳ ನಷ್ಟ. ಯಂತ್ರದ ಎಣಿಕೆಯ ಬದಲು ವ್ಯಕ್ತಿಯ ಎಣಿಕೆ. ಪ್ರಶ್ನೆಗಳು ಬದಲಾಗಿಲ್ಲ.

ನಿರ್ಧಾರಕ್ಕೆ ಮುನ್ನ

ತಂತ್ರಾಂಶವನ್ನು ಕೇಂದ್ರೀಕರಿಸಲು ಉದ್ದೇಶಿಸಿರುವ ಸಂಸ್ಥೆಗಳು ಈ ಕೆಳಗಿನ ಅಂಶಗಳನ್ನು ಬರಹದಲ್ಲಿ ದಾಖಲಿಸಿಕೊಳ್ಳುವುದು ಒಳಿತು.

1. ಪರವಾನಗಿ ಒಪ್ಪಂದ ಎಣಿಸುವುದು ಯಂತ್ರವನ್ನೋ, ವ್ಯಕ್ತಿಯನ್ನೋ, ಏಕಕಾಲದ ಬಳಕೆಯನ್ನೋ? ಸರ್ವರಿನಿಂದ ಬಳಸಲು ಅದರಲ್ಲಿ ಸ್ಪಷ್ಟ ಅನುಮತಿ ಇದೆಯೇ?

2. ತಿಂಗಳಾಂತ್ಯ ಮತ್ತು ವರ್ಷಾಂತ್ಯದಲ್ಲಿ ಗರಿಷ್ಠ ಬಳಕೆ ಎಷ್ಟು? ಜಾಲದ ಸಾಮರ್ಥ್ಯ ಅದಕ್ಕೆ ಸಾಕೇ?

3. ಈಗ ಪ್ರತಿ ಮೇಜಿನ ಪಾಲನೆಗೆ ವರ್ಷಕ್ಕೆ ಎಷ್ಟು ಗಂಟೆ ಹೋಗುತ್ತಿದೆ? ಮೂರು ತಿಂಗಳು ದಾಖಲೆ ಇಟ್ಟು ನೋಡಿದರೆ ಊಹೆಯ ಅಗತ್ಯ ಬೀಳುವುದಿಲ್ಲ.

4. ಸರ್ವರ್ ನಿಂತರೆ ಗಂಟೆಗೆ ಆಗುವ ನಷ್ಟವೆಷ್ಟು? ಬದಲಿ ವ್ಯವಸ್ಥೆಯ ವೆಚ್ಚವನ್ನು ಅದರೊಡನೆ ತೂಗಿ ನೋಡಲಾಗಿದೆಯೇ?

5. ಮ್ಯಾಕ್ರೋ ಮತ್ತು ಮಾದರಿ ಪತ್ರಗಳು ಎಷ್ಟಿವೆ, ಅವುಗಳನ್ನು ಬಲ್ಲವರು ಯಾರು?

6. ಕಡತಗಳು ಯಾವ ಮಾನಕದಲ್ಲಿ ಉಳಿಯುತ್ತವೆ? 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಓಪನ್ ಡಾಕ್ಯುಮೆಂಟ್‌ನಂತಹ ಮುಕ್ತ ಮಾದರಿಯಲ್ಲಿದ್ದರೆ ಮುಂದೆ ತಂತ್ರಾಂಶ ಬದಲಿಸಿದರೂ ದಾಖಲೆಗಳು ಕೈಯಲ್ಲಿರುತ್ತವೆ.

ಇವುಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಕೈಗೊಂಡ ನಿರ್ಧಾರ, ಖರೀದಿಯಾಗಲಿ ಹಂಚಿಕೆಯಾಗಲಿ, ಅರ್ಧ ಲೆಕ್ಕದ ಮೇಲೆ ನಿಂತ ನಿರ್ಧಾರ. ಸನ್ ಕಂಪನಿ 7 ಕೋಟಿ 35 ಲಕ್ಷ ಡಾಲರ್ ತೆತ್ತದ್ದು ಮೇಜಿನ ಮೇಲೆ ಎರಡನೆಯ ಯಂತ್ರಕ್ಕೆ ಆಗುತ್ತಿದ್ದ ಪೂರ್ಣ ವೆಚ್ಚವನ್ನು ಎಣಿಸಿದ ಮೇಲೆ ಎಂಬುದನ್ನು ನೆನಪಿನಲ್ಲಿಟ್ಟರೆ, ಹತ್ತು ಮೇಜಿನ ಕಚೇರಿಯೂ ತನ್ನ ಪೂರ್ಣ ಲೆಕ್ಕವನ್ನು ತಾನೇ ಹಾಕಿಕೊಳ್ಳಬಲ್ಲದು.